ದೊರೆ ಬಿಟ್ಟುಹೋದ ಉದ್ಧರಣೆ

ಲಂಡನ್ನಿಗೆ ಹೋದ ಕನ್ನಡಿಗರು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಮೆಟ್ಟಿಲು ಹತ್ತುವುದು ಬಹುಪಾಲು ಒಂದೇ ಕಾರಣಕ್ಕೆ. ಟಿಪ್ಪುವಿನ ಹುಲಿ ಅಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯ ಜೊತೆ ಹಡಗು ಹತ್ತಿದ ಆ ಮರದ ಹುಲಿ, ಮಲಗಿಬಿದ್ದ ಬಿಳಿಯನ ಕುತ್ತಿಗೆಗೆ ಬಾಯಿ ಹಾಕಿದ ಹಾಗೇ ಗಾಜಿನ ಪೆಟ್ಟಿಗೆಯೊಳಗೆ ನಿಂತಿದೆ. ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತಿತ್ತಂತೆ, ಬಿದ್ದವನು ನರಳುತ್ತ ಕೈ ಎತ್ತುತ್ತಿದ್ದನಂತೆ. ಈಗ ತಿರುಗಿಸಲು ಬಿಡುವುದಿಲ್ಲ. ಸ್ಕೂಲು ಮಕ್ಕಳ ದಂಡೊಂದು ಪೆಟ್ಟಿಗೆಗೆ ಮೂಗು ಒತ್ತಿಕೊಂಡು ನಿಂತಿತ್ತು. ಅವರ ತಲೆಗಳ ಮೇಲಿಂದ ಇಣುಕಿ, ನಮ್ಮೂರಿನವನನ್ನು ಪರದೇಶದಲ್ಲಿ ಕಂಡ ಸಲಿಗೆಯಲ್ಲಿ ಒಂದು ನಮಸ್ಕಾರ ಹಾಕಿ, ನಾನು ಮೇಲಿನ ಮಹಡಿಗೆ ಹೋದೆ. ನನಗೆ ಕೆಲಸವಿದ್ದದ್ದು ಬೆಳ್ಳಿಯ ಹತ್ತಿರ.

ಅಲ್ಲಿ ಸಾಲು ಸಾಲು ಕೋಣೆಗಳ ತುಂಬ ಬೆಳ್ಳಿ. ನಮ್ಮಲ್ಲಿ ಮದುವೆಗೆ ಮುಂಚೆ ಬೆಳ್ಳಿ ಅಂಗಡಿಗೆ ನುಗ್ಗಿದಾಗ ಕಣ್ಣು ಕೋರೈಸುತ್ತದಲ್ಲ, ಅದೆಲ್ಲ ಇದರ ಮುಂದೆ ಏನೂ ಅಲ್ಲ. ನಡುವೆ ಸ್ನಾನದ ತೊಟ್ಟಿಯಷ್ಟು ದೊಡ್ಡ ಒಂದು ಪಾತ್ರೆ. ಜೆರ್ನಿಂಗ್‌ಹ್ಯಾಮ್ ಎಂಬುವನು ಮಾಡಿಸಿದ್ದು, ಬ್ರಾಂದಿ-ವೈನು ಶೀಶೆಗಳನ್ನು ತಣ್ಣಗಿಡಲು. 1734-35ರಲ್ಲಿ ತಯಾರಾದ ಅದನ್ನು ಕೊಳ್ಳುವ ಧೈರ್ಯವಿರುವ ಗಿರಾಕಿ ಸಿಗದೆ, ಕೊನೆಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ಕಟ್ಟಲು ಹಣ ಎತ್ತುವ ಲಾಟರಿಗೆ ಬಹುಮಾನವಾಗಿ ಇಟ್ಟರು. ಅಸಲಿ ಪಾತ್ರೆ ರಷ್ಯದ ರಾಣಿಯರ ಪಾಲಾಗಿ ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜಿನಲ್ಲಿದೆ. ಇಲ್ಲಿರುವುದು 1884ರಲ್ಲಿ ವಿದ್ಯುತ್ತಿನಿಂದ ಲೋಹ ಲೇಪಿಸಿ ಮಾಡಿದ ಪ್ರತಿ. ನಕಲೇ ಇಷ್ಟು ದರ್ಪದಲ್ಲಿ ನಿಂತಿದ್ದರೆ ಅಸಲಿ ಹೇಗಿರಬೇಡ! ಅದರ ಸುತ್ತ ಉಪ್ಪಿನ ಬಟ್ಟಲು, ಸಾಸಿವೆ ಬಟ್ಟಲು, ಸಕ್ಕರೆ ಉದುರಿಸುವ ಡಬ್ಬಿ, ಚಹಾ ಸೊಪ್ಪಿನ ಪೆಟ್ಟಿಗೆ, ಬತ್ತಿ ಕತ್ತರಿಸುವ ಕತ್ತರಿ. ಒಂದು ಊಟದ ಮೇಜಿಗೆ ಇಷ್ಟು ಬಗೆಯ ಸಲಕರಣೆ ಬೇಕು ಅಂತ ತೀರ್ಮಾನಿಸಿದ ಜನ ಊಟಕ್ಕಿಂತ ಸಲಕರಣೆಯನ್ನೇ ಹೆಚ್ಚು ಪ್ರೀತಿಸಿರಬೇಕು. ಆದರೆ ನಾನು ಹುಡುಕಿಕೊಂಡು ಬಂದ ಸಾಮಾನು ಆ ಕೋಣೆಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಅದು ನಮ್ಮ ಮನೆಯ ದೇವರ ಕೋಣೆಯಲ್ಲಿದೆ. ಅಜ್ಜ ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರಾಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ತೋಟದ ದೊರೆ ಜಮೀನು ಮಾರಿ, ಬಂಗಲೆ ಖಾಲಿ ಮಾಡಿ ತನ್ನ ಊರಿಗೆ ಹೊರಟ. ಹೊರಡುವಾಗ ಲೆಕ್ಕ ಬರೆದವರಿಗೆ, ಅಡುಗೆ ಮಾಡಿದವರಿಗೆ, ಕುದುರೆ ನೋಡಿಕೊಂಡವರಿಗೆ ಒಂದೊಂದು ಸಾಮಾನು ಕೊಟ್ಟ. ಬಟ್ಲರಿಗೆ ಗೋಡೆ ಗಡಿಯಾರ ಹೋಯಿತು. ಅಜ್ಜನ ಪಾಲಿಗೆ ಬಂದದ್ದು ಒಂದು ಗೇಣಿಗಿಂತ ತುಸು ಉದ್ದದ ಬೆಳ್ಳಿ ವಸ್ತು. ಚಮಚ ಅನ್ನೋಣ ಎಂದರೆ ಬಟ್ಟಲೇ ಇಲ್ಲ. ಎರಡು ತುದಿಯೂ ಬಾಳೆದಿಂಡಿನ ಸೀಳಿನ ಹಾಗೆ ಉದ್ದಕ್ಕೆ ತೋಡಿದ ಕಾಲುವೆ, ಒಂದು ಅಗಲ, ಇನ್ನೊಂದು ಕಿರಿದು. ನಡುವೆ ಹಿಡಿಯಲು ಒಂದಿಷ್ಟು ಜಾಗ. ಚಿತ್ತಾರವಿಲ್ಲ, ಹೂವಿಲ್ಲ, ಬಳ್ಳಿಯಿಲ್ಲ.

ಅಜ್ಜಿಗೆ ಅದು ಏನೆಂಬ ಅನುಮಾನ ಬಂದದ್ದನ್ನು ನಾವು ಯಾರೂ ಕಂಡಿಲ್ಲ. ಕಿರಿದಾದ ತುದಿಯಿಂದ ನೀರು ಬಿಟ್ಟರೆ ನೂಲಿನಂತೆ ಸಣ್ಣಗೆ, ಒಂದು ಹನಿ ಆಚೀಚೆ ಸಿಡಿಯದೆ ಬೀಳುತ್ತದೆ. ಪಂಚಪಾತ್ರೆಯ ಜೊತೆಗಿದ್ದ ತಾಮ್ರದ ಉದ್ಧರಣೆ ಕಳೆದುಹೋಗಿತ್ತು. ಆ ಜಾಗಕ್ಕೆ ಇದು ಬಂತು. ಹಬ್ಬದ ದಿನ ಅಜ್ಜಿ ಅದರಲ್ಲೇ ತೀರ್ಥ ಹಾಕುತ್ತಿದ್ದಳು. ಅಗಲದ ತುದಿ ಪಂಚಾಮೃತಕ್ಕೆ. ನೆಂಟರಿಷ್ಟರೆಲ್ಲ ಅದನ್ನು ದೊರೆ ಉದ್ಧರಣೆ ಎಂದೇ ಕರೆದರು. ಹಬ್ಬದ ಹಿಂದಿನ ದಿನ ವಿಭೂತಿ ಹಾಕಿ ಉಜ್ಜಿ ಬೆಳಗುವುದು ಮನೆಯ ಹುಡುಗರ ಕೆಲಸ. ಬೆಳಗುವಾಗ ಹಿಡಿಯ ಬೆನ್ನಿನ ಮೇಲೆ ಬೆರಳಿಗೆ ತಗಲುತ್ತಿದ್ದ ಐದು ಚುಕ್ಕೆಯಂಥ ಗುರುತುಗಳೇ ನನ್ನನ್ನು ಇಷ್ಟು ದೂರ ಎಳೆದು ತಂದದ್ದು.

ವಸ್ತುವನ್ನೇ ಜೇಬಿಗೆ ಹಾಕಿಕೊಂಡು ಬರುವ ಹಾಗಿರಲಿಲ್ಲ. 1972ರ ಪ್ರಾಚ್ಯವಸ್ತು ಕಾಯಿದೆಯ ಲೆಕ್ಕದಲ್ಲಿ ನೂರು ವರ್ಷ ದಾಟಿದ ಇಂಥ ಸಾಮಾನು ಪ್ರಾಚ್ಯವಸ್ತು ಅನ್ನಿಸಿಕೊಳ್ಳಬಹುದು. ಹಾಗಾದರೆ ಅನುಮತಿಯಿಲ್ಲದೆ ದೇಶದಾಚೆ ಒಯ್ಯುವಂತಿಲ್ಲ. ಇಂಗ್ಲೆಂಡಿನಿಂದಲೇ ಬಂದದ್ದು ಸ್ವಾಮಿ, ತವರಿಗೆ ತೋರಿಸಿಕೊಂಡು ಬರುತ್ತೇನೆ ಎಂದರೆ ವಿಮಾನ ನಿಲ್ದಾಣದಲ್ಲಿ ಯಾರು ಕೇಳುತ್ತಾರೆ? ಅಮ್ಮನೂ ದೇವರ ಸಾಮಾನು ಸಮುದ್ರ ದಾಟಲು ಒಪ್ಪುವವಳಲ್ಲ. ಹಾಗಾಗಿ ದಪ್ಪ ಕಾಗದದ ಮೇಲೆ ಅದನ್ನಿಟ್ಟು ಸುತ್ತ ಪೆನ್ಸಿಲ್ ಎಳೆದು, ಅದೇ ಅಳತೆಗೆ ಕತ್ತರಿಸಿಕೊಂಡೆ. ಹತ್ತಾರು ಫೋಟೋ ತೆಗೆದೆ. ಗುರುತುಗಳಿಗೆ ಫೋಟೋ ಸಾಲಲಿಲ್ಲ, ಬೆಳ್ಳಿ ಹೊಳೆದು ಅಕ್ಷರ ನುಂಗಿಬಿಡುತ್ತದೆ. ಕೊನೆಗೆ ದಂತವೈದ್ಯೆಯಾಗಿರುವ ತಂಗಿ ಹಲ್ಲಿನ ಅಚ್ಚು ತೆಗೆಯುವ ಸಿಲಿಕೋನ್ ಹಿಟ್ಟನ್ನು ಅದರ ಬೆನ್ನಿಗೆ ಮೆತ್ತಿ, ನೀಲಿ ಬಣ್ಣದ ಒಂದು ಅಚ್ಚು ಎಬ್ಬಿಸಿಕೊಟ್ಟಳು. ಕೂದಲೆಳೆಯ ಗೀರೂ ಅದರಲ್ಲಿ ಮೂಡಿತ್ತು. ಈ ಕಾಗದ, ಈ ನೀಲಿ ಅಚ್ಚು, ಬೆಳ್ಳಿಯ ಗುರುತುಗಳ ಪಟ್ಟಿಯಿರುವ ಬ್ರಾಡ್‌ಬರಿಯ ಕಿರುಪುಸ್ತಕ, ಇಷ್ಟೇ ನನ್ನ ತನಿಖೆಯ ಸರಂಜಾಮು.

ಇಂಗ್ಲಿಷರ ಬೆಳ್ಳಿ ಓದಲು ಕಲಿತರೆ ಅದೊಂದು ಪಂಚಾಂಗ. ಮುಂಗಾಲು ಎತ್ತಿ ನಡೆಯುತ್ತಿರುವ ಸಿಂಹವಿದ್ದರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಈ ಸಿಂಹ 1544ರಿಂದ ನಡೆಯುತ್ತಲೇ ಇದೆ. ಚಿರತೆಯ ಮುಖ ಅದಕ್ಕಿಂತ ಹಳೆಯದು, 1300ರ ಕಾಯಿದೆಯದು. 1821ರವರೆಗೆ ಅದರ ತಲೆಯ ಮೇಲೆ ಕಿರೀಟವಿರುತ್ತಿತ್ತು, ಆಮೇಲೆ ತೆಗೆದರು. ನಮ್ಮ ಚಿರತೆಗೆ ಕಿರೀಟವಿದೆ. ಇನ್ನೊಂದು ಗುರುತು ವರ್ಷದ ಅಕ್ಷರ. 1478ರಿಂದ 1974ರವರೆಗೆ ಲಂಡನ್ನಿನವರು ವರ್ಷಕ್ಕೊಂದು ಅಕ್ಷರ ಬದಲಿಸುತ್ತ, ಇಪ್ಪತ್ತು ಅಕ್ಷರ ಮುಗಿದ ಮೇಲೆ ಅಕ್ಷರದ ರೂಪ ಬದಲಿಸಿ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದರು. ನಮ್ಮ ಪ್ರಭವ ವಿಭವಗಳ ಚಕ್ರ ಅರವತ್ತರದು, ಇವರದು ಇಪ್ಪತ್ತರದಾಗಿತ್ತು. ನೀಲಿ ಅಚ್ಚಿನಲ್ಲಿ ಚುಕ್ಕೆಯಿಟ್ಟ ಪುಟ್ಟ ‘ಐ’ ಇತ್ತು, ಸಣ್ಣ ಅಕ್ಷರದ್ದು. ಬ್ರಾಡ್‌ಬರಿಯ ಪಟ್ಟಿಯಲ್ಲಿ ಬೆರಳಿಟ್ಟು ಇಳಿದರೆ 1784ರ ಮೇ ಕೊನೆಯಿಂದ 1785ರ ಮೇ ಕೊನೆ.

ನಾಲ್ಕನೆಯದು ರಾಜನ ತಲೆ, ಮೂರನೆಯ ಜಾರ್ಜನದು. ಅಚ್ಚಿನ ಮೇಲೆ ಬೆರಳಾಡಿಸಿದಾಗ ಉಳಿದ ಗುರುತುಗಳೆಲ್ಲ ಒಳಕ್ಕಿದ್ದವು, ರಾಜನ ತಲೆಯೊಂದು ಮಾತ್ರ ಉಬ್ಬಿ ನಿಂತಿತ್ತು. ಅಂದರೆ ಬೆಳ್ಳಿಯ ಮೇಲೆ ಅದು ತಗ್ಗಾಗಿ ಕೊರೆದದ್ದು, ಮಿಕ್ಕವು ಉಬ್ಬಿದವು. ಇಡೀ ತನಿಖೆಯ ಬೀಗ ತೆರೆದದ್ದು ಈ ತಗ್ಗು. ಅಮೆರಿಕದ ಯುದ್ಧದಲ್ಲಿ ಸೋತು ಖಜಾನೆ ಬರಿದಾಗಿದ್ದ ಇಂಗ್ಲೆಂಡು 1784ರ ಡಿಸೆಂಬರ್ 1ರಿಂದ ಬೆಳ್ಳಿಯ ಮೇಲೆ ಔನ್ಸಿಗೆ ಆರು ಪೆನ್ಸಿನಂತೆ ತೆರಿಗೆ ಹಾಕಿತು. ತೆರಿಗೆ ಕಟ್ಟಿದೆ ಎಂಬುದಕ್ಕೆ ರಶೀದಿ ಆ ರಾಜನ ತಲೆ. ಮೊದಮೊದಲು ತಗ್ಗಾಗಿ ಒತ್ತುತ್ತಿದ್ದರು. ಒಂದೂವರೆ ವರ್ಷದಲ್ಲೇ ಅದನ್ನು ಬಿಟ್ಟು ಉಬ್ಬಿದ ತಲೆಗೆ ಬದಲಾದರು. ಹಾಗಾಗಿ ‘ಐ’ ಅಕ್ಷರವೂ ತಗ್ಗಿನ ತಲೆಯೂ ಒಟ್ಟಿಗಿದ್ದರೆ ಆ ವಸ್ತುವಿಗೆ ಗುರುತು ಬಿದ್ದದ್ದು 1784ರ ಡಿಸೆಂಬರಿಗೂ 1785ರ ಮೇ ತಿಂಗಳಿಗೂ ನಡುವೆ, ಬರೀ ಆರು ತಿಂಗಳ ಅಂತರದಲ್ಲಿ. ಹುಟ್ಟಿದ ತಾರೀಕು ಇಷ್ಟು ಖಚಿತವಾಗಿ ನಮ್ಮ ಅಜ್ಜಿಯದೂ ಗೊತ್ತಿಲ್ಲ.

ಅದೇ 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪುವಿಗೂ ಕಂಪನಿಗೂ ಒಪ್ಪಂದವಾಗಿತ್ತು, ಗೆದ್ದವನ ಗತ್ತಿನಲ್ಲಿ ಟಿಪ್ಪು ಕಂಪನಿಯ ದೂತರ ಕೈಯಲ್ಲಿ ರುಜು ಹಾಕಿಸಿಕೊಂಡಿದ್ದ. ಮೂಡಿಗೆರೆಯ ಸುತ್ತ ಆಗ ದೊರೆಗಳೂ ಇಲ್ಲ, ಅವರ ತೋಟಗಳೂ ಇಲ್ಲ. ಪಕ್ಕದ ಮಂಜರಾಬಾದಿನ ಕಡೆ ಬಿಳಿಯರು ಕಾಫಿ ಹಾಕಿದ್ದು 1840ರ ದಶಕದಲ್ಲಿ. ಯಾವ ಮುತ್ತಜ್ಜನ ಪೆಟ್ಟಿಗೆಯಿಂದ ಇಳಿದು ಬಂದಿತ್ತೋ, ತೋಟಕ್ಕಿಂತ ಅರ್ಧ ಶತಮಾನ ಹಳೆಯದಾದ ಈ ಸಾಮಾನು ಘಟ್ಟ ಹತ್ತಿತ್ತು.

ಗುರುತು ಒತ್ತಿದ ಮನೆಯನ್ನು ನೋಡದೆ ಬರಲಾದೀತೆ? ಸೇಂಟ್ ಪಾಲ್ಸ್ ಇಗರ್ಜಿಯ ಹಿಂಬದಿಗೆ ಫಾಸ್ಟರ್ ಲೇನ್ ಎಂಬ ಇಕ್ಕಟ್ಟು ಬೀದಿಯಿದೆ. ಅಲ್ಲಿ ಅಕ್ಕಪಕ್ಕದ ಗಾಜಿನ ಕಚೇರಿಗಳ ನಡುವೆ ಭಾರಿ ಕಂಬಗಳ ಗೋಲ್ಡ್‌ಸ್ಮಿತ್ಸ್ ಹಾಲ್. ಅಕ್ಕಸಾಲಿಗರ ಸಂಘ 1339ರಿಂದ ಅದೇ ಜಾಗದಲ್ಲಿದೆ. ಈಗಿನ ಕಟ್ಟಡ 1835ರದು, ಹಾರ್ಡ್‌ವಿಕ್ ಕಟ್ಟಿದ್ದು. ಸುಮ್ಮನೆ ಒಳನುಗ್ಗಲು ಬಿಡುವುದಿಲ್ಲ, ಸಾರ್ವಜನಿಕರಿಗೆಂದು ಇಟ್ಟ ದಿನಗಳಲ್ಲಿ ಗುಂಪಿನಲ್ಲಿ ಹೋಗಬೇಕು. ಬಣ್ಣದ ಅಮೃತಶಿಲೆಯ ಮೆಟ್ಟಿಲು ಹತ್ತುತ್ತ ಒಬ್ಬ ಹೆಂಗಸು ನಮಗೆಲ್ಲ ಕಥೆ ಹೇಳಿದರು. ದೇಶದ ಟಂಕಸಾಲೆಯ ನಾಣ್ಯಗಳನ್ನು ವರ್ಷಕ್ಕೊಮ್ಮೆ ಪೆಟ್ಟಿಗೆಯಲ್ಲಿ ತಂದು ಇಲ್ಲಿಯ ಪಂಚರ ಮುಂದೆ ಪರೀಕ್ಷೆಗೆ ಇಡುತ್ತಾರೆ. ಸರಕಾರವೇ ಅಕ್ಕಸಾಲಿಗರ ಮುಂದೆ ಕೈಕಟ್ಟಿ ನಿಲ್ಲುವ ದಿನ ಅದು. ಖೋಟಾ ಗುರುತು ಒತ್ತಿದವನಿಗೆ ಹದಿನೆಂಟನೆಯ ಶತಮಾನದಲ್ಲಿ ಒಂದು ಕಾಲಕ್ಕೆ ಮರಣದಂಡನೆಯೂ ಇತ್ತು. ಆದರೂ ತೆರಿಗೆ ತಪ್ಪಿಸುವ ಜಾಣರು ಸಣ್ಣದೊಂದು ಬಟ್ಟಲಿಗೆ ಗುರುತು ಹಾಕಿಸಿ, ಆ ತುಂಡನ್ನು ಕತ್ತರಿಸಿ ದೊಡ್ಡ ಪಾತ್ರೆಯ ತಳಕ್ಕೆ ಬೆಸೆದುಬಿಡುತ್ತಿದ್ದರಂತೆ. ಈ ಬುದ್ಧಿ ಯಾವ ದೇಶದಲ್ಲೂ ಕಲಿಸಿಕೊಡಬೇಕಾದದ್ದಲ್ಲ.

ನನಗೆ ಹಿಡಿಸಿದ್ದು ಪರೀಕ್ಷೆಯ ಹಳೆಯ ವಿಧಾನ. ಸಾಮಾನಿನಿಂದ ಹೆರೆದ ಚೂರನ್ನು ತೂಗಿ, ಸೀಸದ ಹಾಳೆಯಲ್ಲಿ ಸುತ್ತಿ, ಒಂದು ಪುಟ್ಟ ಬಟ್ಟಲಿನಲ್ಲಿಟ್ಟು ಕುಲುಮೆಗೆ ತಳ್ಳುತ್ತಿದ್ದರು. ಆ ಬಟ್ಟಲು ಮೂಳೆಯ ಬೂದಿಯದು. ಸೀಸವೂ ತಾಮ್ರವೂ ಉರಿದು ಕಿಟ್ಟವಾಗಿ ಬೂದಿಯೊಳಕ್ಕೆ ಇಂಗಿಹೋಗುತ್ತವೆ. ನಡುವೆ ಶುದ್ಧ ಬೆಳ್ಳಿಯ ಮಣಿಯೊಂದು ಉಳಿಯುತ್ತದೆ. ಅದನ್ನು ಮತ್ತೆ ತೂಗಿದರೆ ಎಷ್ಟು ಕಲಬೆರಕೆಯಿತ್ತು ಎಂಬುದು ಕೈಗೆ ಸಿಕ್ಕಿತು.

ಮೆಟ್ಟಿಲು ಇಳಿದು ಹೊರಬಂದಾಗ ತಲೆಯಲ್ಲಿ ಒಂದು ವಿಚಿತ್ರ ಲೆಕ್ಕ ಸುಳಿದಾಡುತ್ತಿತ್ತು. ಯಾವ ಊರಿನಲ್ಲಿ ಪರೀಕ್ಷೆ ಮಾಡಿದರು, ಎಷ್ಟು ಶುದ್ಧ, ಯಾವ ವರ್ಷ, ತೆರಿಗೆ ಕಟ್ಟಿದರೋ ಇಲ್ಲವೋ ಎಲ್ಲವನ್ನೂ ಈ ಜನ ಅಂಗುಲದಷ್ಟು ಜಾಗದಲ್ಲಿ ಕೊರೆದಿಟ್ಟಿದ್ದಾರೆ. ಏತಕ್ಕೆ ಬಳಸುವುದು ಎಂಬುದನ್ನು ಮಾತ್ರ ಎಲ್ಲೂ ಬರೆದಿಲ್ಲ, ಬರೆಯುವ ಅಗತ್ಯವೇ ಯಾರಿಗೂ ತೋಚಿಲ್ಲ. ನಮ್ಮ ಮನೆಯಲ್ಲಿ ಇದು ತಿರುಗುಮುರುಗು. ಎಲ್ಲಿಯದು, ಯಾವಾಗಿನದು ಎಂದು ಯಾರೂ ಕೇಳಲಿಲ್ಲ, ಬಳಕೆಯ ವಿಷಯದಲ್ಲಿ ಮಾತ್ರ ಯಾರಿಗೂ ಎಳ್ಳಷ್ಟು ಸಂದೇಹವಿರಲಿಲ್ಲ. ಸರಕಾರದ ಮುದ್ರೆಗೆ ನಿಲುಕದ ಆ ಸಂಗತಿಯನ್ನು ತಿಳಿಯಬೇಕಾದರೆ ದಿನವೂ ಇಂಥದನ್ನು ಕೈಯಲ್ಲಿ ಹಿಡಿಯುವವರ ಹತ್ತಿರವೇ ಹೋಗಬೇಕು.

ಅಂಥವರು ಇರುವುದು ನೆಲದಡಿಯಲ್ಲಿ. ಚಾನ್ಸರಿ ಲೇನಿನಲ್ಲಿ ವಕೀಲರ ಕಚೇರಿಗಳ ನಡುವೆ ಒಂದು ಬಾಗಿಲು, ಇಳಿಯುತ್ತ ಹೋದರೆ ಕೆಳಗೆ ಲಂಡನ್ ಸಿಲ್ವರ್ ವಾಲ್ಟ್ಸ್. 1876ರಲ್ಲಿ ಶ್ರೀಮಂತರು ಒಡವೆ-ದಸ್ತಾವೇಜು ಇಟ್ಟುಹೋಗಲೆಂದು ಕಟ್ಟಿದ ಭದ್ರಕೋಣೆಗಳಿವು. ಬೆಳ್ಳಿ ವ್ಯಾಪಾರಿಗಳು ಸರಕು ಇಡಲು ಬಾಡಿಗೆಗೆ ಬಂದರು, ಬಂದವರು ಅಲ್ಲೇ ಅಂಗಡಿ ಹೂಡಿದರು. ಎರಡನೆಯ ಮಹಾಯುದ್ಧದಲ್ಲಿ ಮೇಲಿನ ಕಟ್ಟಡಕ್ಕೆ ಬಾಂಬು ಬಿತ್ತು, ಕೆಳಗಿನ ಕೋಣೆಗಳಿಗೆ ಏನೂ ಆಗಲಿಲ್ಲ. ಉದ್ದನೆಯ ಓಣಿ, ಎರಡೂ ಕಡೆ ಬ್ಯಾಂಕಿನ ತಿಜೋರಿಗೆ ಇರುವಂಥ ಉಕ್ಕಿನ ಬಾಗಿಲು, ಒಂದೊಂದು ಬಾಗಿಲ ಹಿಂದೆ ಒಂದೊಂದು ಅಂಗಡಿ. ಕಿಟಕಿಯಿಲ್ಲದ ಆ ಗುಹೆಗಳಲ್ಲಿ ದೀಪದ ಬೆಳಕು ಬೆಳ್ಳಿಯಿಂದ ಬೆಳ್ಳಿಗೆ ಪುಟಿಯುತ್ತ ಹಗಲಿಗಿಂತ ಪ್ರಖರವಾಗಿದೆ. ಕಿರುಬೆರಳಿನಷ್ಟು ಉಪ್ಪಿನ ಚಮಚದಿಂದ ಹಿಡಿದು ಆಳೆತ್ತರದ ದೀಪಕಂಬದವರೆಗೆ ಎಲ್ಲಕ್ಕೂ ದಾರದಲ್ಲಿ ಕಟ್ಟಿದ ಬೆಲೆಚೀಟಿ.

ಬರೀ ಚಮಚ-ಫೋರ್ಕುಗಳನ್ನೇ ಮಾರುವ ಒಂದು ಅಂಗಡಿ ಹೊಕ್ಕೆ. ವಯಸ್ಸಾದ ವ್ಯಾಪಾರಿ, ಕೊರಳಲ್ಲಿ ಭೂತಗನ್ನಡಿ ತೂಗುಹಾಕಿಕೊಂಡಿದ್ದರು. ನಾನು ಚೀಲದಿಂದ ಕಾಗದ ತೆಗೆದು ಅವರ ಗಾಜಿನ ಮೇಜಿನ ಮೇಲೆ ಇಟ್ಟೆ. ಅಚ್ಚು, ಫೋಟೋ ಯಾವುದನ್ನೂ ಇನ್ನೂ ತೆಗೆದಿರಲಿಲ್ಲ. ಕತ್ತರಿಸಿದ ಕಾಗದವನ್ನು ನೋಡಿದ್ದೇ ಅವರು ಎದ್ದು, ಹಿಂದಿನ ಕಪಾಟಿನ ಮೂರನೆಯ ಖಾನೆ ಎಳೆದು, ಸಾಲಾಗಿ ಮಲಗಿಸಿದ್ದ ಏಳೆಂಟನ್ನು ತಂದಿಟ್ಟರು. ನಮ್ಮ ದೊರೆ ಉದ್ಧರಣೆಯ ಅಕ್ಕತಂಗಿಯರು! ಎಲ್ಲಕ್ಕೂ ಎರಡು ತುದಿ, ಒಂದು ಅಗಲ, ಒಂದು ಕಿರಿದು. ಇನ್ನೂರೋ ಮುನ್ನೂರೋ ಪೌಂಡಿನ ಚೀಟಿ ಒಂದೊಂದಕ್ಕೂ.

“ಮ್ಯಾರೋ ಸ್ಕೂಪ್,” ಎಂದರು. ಹಸುವಿನದೋ ಎತ್ತಿನದೋ ಕಾಲಿನ ಮೂಳೆಯನ್ನು ಸುಟ್ಟೋ ಬೇಯಿಸಿಯೋ ಒಳಗಿನ ಮಜ್ಜೆಯನ್ನು ಬಗೆದು ತಿನ್ನುವ ಸೌಟು. ದಪ್ಪ ಮೂಳೆಗೆ ಅಗಲದ ತುದಿ, ಸಣ್ಣ ಮೂಳೆಗೆ ಕಿರಿದಾದದ್ದು. ಹದಿನೆಂಟನೆಯ ಶತಮಾನದಲ್ಲಿ ಉಳ್ಳವರ ಮೇಜಿನಲ್ಲಿ ಇದಿಲ್ಲದೆ ನಡೆಯುತ್ತಿರಲಿಲ್ಲವಂತೆ. ಮೂಳೆಯ ಎರಡು ಬಾಯಿಗೂ ಹಿಟ್ಟಿನ ಮುಚ್ಚಳ ಮೆತ್ತಿ, ಒಳಗಿನದು ಸೋರದಂತೆ ಗಂಟೆಗಟ್ಟಲೆ ಬೇಯಿಸಿ, ಬಿಸಿ ತಾಗದಂತೆ ಬಿಳಿ ಬಟ್ಟೆ ಸುತ್ತಿ, ಸುಟ್ಟ ಬ್ರೆಡ್ಡಿನ ಜೊತೆ ತಂದಿಡುತ್ತಿದ್ದರು. ವ್ಯಾಪಾರಿ ಇದನ್ನೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಹೇಳಿದರು. “ನಿಮ್ಮ ಮನೆಯಲ್ಲಿ ಇದನ್ನು ಯಾವುದಕ್ಕೆ ಬಳಸುತ್ತಿದ್ದಿರಿ?” ಎಂದು ಕೇಳಿದರು. ಧಾರ್ಮಿಕ ಕಾರ್ಯಕ್ಕೆ ಎಂದೆ. ಅವರು ತಲೆಯಾಡಿಸಿ, ಬಹಳ ಸಭ್ಯವಾಗಿ, ಮುಂದಿನ ಪ್ರಶ್ನೆ ಕೇಳಲಿಲ್ಲ.

ಅಚ್ಚನ್ನು ಭೂತಗನ್ನಡಿಯಲ್ಲಿ ನೋಡಿ ಆರು ತಿಂಗಳ ಲೆಕ್ಕ ಸರಿಯೆಂದರು. ಮಾಡಿದವನ ಗುರುತು ಮಾತ್ರ ವಿಭೂತಿ ಉಜ್ಜಿ ಉಜ್ಜಿ ಸವೆದುಹೋಗಿತ್ತು, ಉಳಿದದ್ದು ಎರಡನೆಯ ಅಕ್ಷರದ ಒಂದು ಬಾಲ. ಹೆಸ್ಟರ್ ಬೇಟ್‌ಮನ್ ಇರಬಹುದೇ ಎಂದು ಆಸೆಯಿಂದ ಕೇಳಿದೆ. ಗಂಡ ಸತ್ತ ಮೇಲೆ, ರುಜು ಹಾಕಲೂ ಬಾರದ ಆಕೆ 1761ರಲ್ಲಿ ತನ್ನದೇ ಗುರುತು ನೋಂದಾಯಿಸಿ, ಮಕ್ಕಳನ್ನು ಕಟ್ಟಿಕೊಂಡು ಲಂಡನ್ನಿನ ದೊಡ್ಡ ಬೆಳ್ಳಿ ಕಾರ್ಖಾನೆಗಳಲ್ಲೊಂದನ್ನು ನಡೆಸಿದವಳು. ನಮ್ಮ ಸೌಟು ಹುಟ್ಟಿದಾಗ ಆಕೆ ಇನ್ನೂ ಕೆಲಸದಲ್ಲಿದ್ದಳು. ಇಲ್ಲಿ ಇಳಿದು ಬರುವವರೆಲ್ಲ ಹೆಸ್ಟರ್ ಹೆಸರೇ ಹೇಳುತ್ತಾರೆ ಎಂದು ಮುದುಕರು ನಕ್ಕರು. ಒಂದು ಬಾಲದಿಂದ ಹೆಸರು ಹೇಳುವ ವ್ಯಾಪಾರಿಯನ್ನು ನಂಬಬೇಡಿ ಎಂದೂ ಸೇರಿಸಿದರು.

ಆಮೇಲೆ ಒಂದು ಫೋಟೋದ ಮೇಲೆ ಅವರ ಕಣ್ಣು ನಿಂತಿತು. ಅಗಲದ ತುದಿಯಲ್ಲಿ ನೇರಳೆಗೆ ತಿರುಗಿದ ಬೂದುಬಣ್ಣದ ಒಂದು ಕಲೆ. ಎಷ್ಟು ಬೆಳಗಿದರೂ ಅದು ಹೋಗುವುದಿಲ್ಲವೆಂದು ನನಗೆ ಚಿಕ್ಕಂದಿನಿಂದ ಗೊತ್ತು. “ಇದು ಬೆಂಕಿಗೆ ಬಿದ್ದಿದೆ,” ಎಂದರು. ಈ ಬೆಳ್ಳಿಯನ್ನು ಕೆಂಪಗೆ ಕಾಯಿಸಿದರೆ ಅದರೊಳಗಿನ ತಾಮ್ರ ಗಾಳಿಯ ಆಮ್ಲಜನಕ ಹೀರಿ ಮೇಲ್ಪದರದ ಅಡಿಗೆ ಇಂಥ ನೆರಳು ಕಟ್ಟುತ್ತದೆ. ಸಾಮಾನ್ಯವಾಗಿ ಮುರಿದದ್ದನ್ನು ಬೆಸುಗೆ ಹಾಕಿದ ಕಡೆ ಹೀಗಾಗುತ್ತದೆ, ಬೆಸುಗೆಯಿದ್ದರೆ ಬೆಲೆ ಅರ್ಧಕ್ಕೆ ಇಳಿಯಿತು. ತಿಳಿಯುವುದು ಸುಲಭ ಎಂದು ಒಂದು ಚಮಚವನ್ನು ಬಾಯಿ ಹತ್ತಿರ ತಂದು ಹಾ ಎಂದು ಉಸಿರು ಬಿಟ್ಟರು. ಆವಿ ಹರಡಿದ ಚಮಚದ ಕತ್ತಿನಲ್ಲಿ ಅದುವರೆಗೆ ಕಾಣದಿದ್ದ ಗೆರೆಯೊಂದು ಎದ್ದು ಕಾಣಿಸಿತು. ಮನೆಯಲ್ಲಿ ಯಾರಿಗಾದರೂ ಹೀಗೆ ಮಾಡಿ ನೋಡಲು ಹೇಳಿ ಎಂದರು.

ನೆಲದಡಿ ಫೋನು ಸಿಗಲಿಲ್ಲ. ಮೇಲೆ ಬಂದು ಅಮ್ಮನಿಗೆ ಮಾಡಿದೆ. ಸೌಟಿನ ಅಸಲು ಕೆಲಸ ಹೇಳುವ ಧೈರ್ಯ ಬರಲಿಲ್ಲ, ಉಸಿರು ಬಿಟ್ಟು ನೋಡುವ ವಿಷಯ ಮಾತ್ರ ಹೇಳಿದೆ.

“ದೇವರ ಉದ್ಧರಣೆಗೆ ಬಾಯುಸಿರು ತಾಗಿಸೋದಾ? ಬುದ್ಧಿ ಎಲ್ಲಿಟ್ಟಿದೀಯ?” ಎಂದು ಫೋನಿಟ್ಟಳು.

ಲಂಡನ್ನಿನಲ್ಲಿ ಕೆಲಸಕ್ಕಿರುವ ಸಕಲೇಶಪುರದ ಗೆಳೆಯನೊಬ್ಬನಿಗೆ ಈ ಪತ್ತೇದಾರಿಕೆಯ ಸುದ್ದಿ ತಲುಪಿಸಿದಾಗ, ಅವನು ನಗು ತಡೆದುಕೊಳ್ಳಲಾರದೆ, ತಿನ್ನುವವರನ್ನೇ ನೋಡೋಣ ಬಾ ಎಂದ. ಗೋಲ್ಡ್‌ಸ್ಮಿತ್ಸ್ ಹಾಲಿನಿಂದ ಕಾಲ್ನಡಿಗೆಯ ದೂರದಲ್ಲಿ ಸ್ಮಿತ್‌ಫೀಲ್ಡ್. ದಾರಿಯಲ್ಲಿ 1123ರಲ್ಲಿ ಶುರುವಾದ ಸೇಂಟ್ ಬಾರ್ತಲೊಮ್ಯೂ ಆಸ್ಪತ್ರೆ ಸಿಗುತ್ತದೆ. ಅದರ ಗೋಡೆಯಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವಾಲೆಸನನ್ನು 1305ರಲ್ಲಿ ಆ ಬಯಲಿನಲ್ಲಿ ಕೊಂದದ್ದರ ಫಲಕವಿದೆ, ಯಾರೋ ಹೂ ಇಟ್ಟುಹೋಗಿದ್ದರು. ಅದರಾಚೆ 1868ರಲ್ಲಿ ತೆರೆದ ಮಾಂಸದ ಮಾರುಕಟ್ಟೆ, ಬಣ್ಣ ಬಳಿದ ಎರಕದ ಕಬ್ಬಿಣದ ರೈಲು ನಿಲ್ದಾಣವೆಂದೇ ತಿಳಿಯಬೇಕು. ಅದಕ್ಕೆ ಮೊದಲು ಇಲ್ಲಿ ಜೀವಂತ ದನಗಳ ಸಂತೆ ನೆರೆಯುತ್ತಿತ್ತು. ನಗರದ ನಡುಬೀದಿಯಲ್ಲಿ ದನದ ಹಿಂಡು ಹೊಡೆದುಕೊಂಡು ಹೋಗುವುದು ಹೆಚ್ಚಾಗಿ, 1855ರಲ್ಲಿ ಸಂತೆಯನ್ನು ಊರಾಚೆಗೆ ದಾಟಿಸಿದರು. ನಮ್ಮ ಸೌಟಿನ ಕಾಲಕ್ಕೆ ಲಂಡನ್ನಿನ ಮೂಳೆಗಳು ಬರುತ್ತಿದ್ದದ್ದು ಇಲ್ಲಿಂದ.

ಮಾರುಕಟ್ಟೆಯ ಪಕ್ಕದ ಸೇಂಟ್ ಜಾನ್ ಎಂಬ ಹೋಟೆಲು ಹಿಂದೆ ಹಂದಿಮಾಂಸಕ್ಕೆ ಹೊಗೆ ಹಾಕುವ ಕೊಟ್ಟಿಗೆಯಾಗಿತ್ತು. ವಾಸ್ತುಶಿಲ್ಪ ಓದಿ ಅಡುಗೆಗೆ ಇಳಿದ ಫರ್ಗಸ್ ಹೆಂಡರ್ಸನ್ 1994ರಲ್ಲಿ ಅದನ್ನು ಶುರುಮಾಡಿದರು. ಪ್ರಾಣಿಯನ್ನು ಕೊಂದ ಮೇಲೆ ಮೂಗಿನಿಂದ ಬಾಲದವರೆಗೆ ಯಾವುದನ್ನೂ ಬಿಸಾಡಬಾರದು ಎಂಬುದು ಅವರ ವಾದ. ಬಿಳಿ ಗೋಡೆ, ಬಿಳಿ ಮೇಜುಬಟ್ಟೆ, ಒಂದು ಚಿತ್ರವೂ ಇಲ್ಲ. ಹೋಟೆಲಿಗೆ ಹೆಸರು ತಂದ ತಿಂಡಿಯೇ ಸುಟ್ಟ ಮಜ್ಜೆಯ ಮೂಳೆ. ಗೆಳೆಯ ಅದನ್ನು ಹೇಳಿದ. ನಾನು ಬ್ರೆಡ್ಡು, ಬೆಣ್ಣೆ, ಒಣದ್ರಾಕ್ಷಿ ತುಂಬಿದ ಎಕಲ್ಸ್ ಕೇಕು ಹೇಳಿದೆ. ಬ್ರೆಡ್ಡು ಅಮೋಘವಾಗಿತ್ತು ಎಂಬುದನ್ನು ಇಲ್ಲಿ ದಾಖಲಿಸಲೇಬೇಕು.

ತಟ್ಟೆ ಬಂತು. ನಾಲ್ಕು ಮೂಳೆಗಳು ಕೋಟೆಯ ಬುರುಜುಗಳಂತೆ ನೆಟ್ಟಗೆ ನಿಂತಿದ್ದವು. ಪಕ್ಕದಲ್ಲಿ ಪಾರ್ಸ್ಲಿ ಸೊಪ್ಪಿನ ಕೋಸಂಬರಿ, ಸುಟ್ಟ ಬ್ರೆಡ್ಡು, ಕಲ್ಲುಪ್ಪಿನ ಒಂದು ಗುಪ್ಪೆ. ನಾನು ಕಾಗದದ ಸೌ‍ಟನ್ನು ತೆಗೆದು ಮೂಳೆಯ ಬಾಯಿಗೆ ಹಿಡಿದೆ. ಅಗಲದ ತುದಿ ಅಳತೆ ತೆಗೆದು ಮಾಡಿದ ಹಾಗೆ ಒಳಗಿಳಿಯಿತು. ಕಾಗದದ ಅಂಚಿಗೆ ಕೊಬ್ಬು ಹತ್ತಿ ಅಲ್ಲಿಯವರೆಗೆ ಪಾರದರ್ಶಕವಾಯಿತು. ಕಾಲುವೆ ಏಕೆ ಅಷ್ಟು ಉದ್ದ, ಏಕೆ ಅಂಚು ಅಷ್ಟು ತೆಳು, ಏಕೆ ಎಲ್ಲೂ ಚಿತ್ತಾರವಿಲ್ಲ, ಎಲ್ಲಕ್ಕೂ ಆ ಒಂದು ಕ್ಷಣದಲ್ಲಿ ಉತ್ತರ ಸಿಕ್ಕಿತು. ಚಿತ್ತಾರವಿದ್ದಿದ್ದರೆ ಕೊಬ್ಬು ಅದರ ಸಂದಿಯಲ್ಲಿ ಕೂತುಬಿಡುತ್ತಿತ್ತು. ತೀರ್ಥ ನೂಲಿನಂತೆ ಬೀಳುತ್ತಿದ್ದದ್ದೂ ಇದೇ ನುಣುಪಿನ ಕೃಪೆಯಿಂದ.

ಗೆಳೆಯ ಹೋಟೆಲಿನವರು ಕೊಟ್ಟ ಸಲಕರಣೆಯಿಂದ ಒಂದು ಮೂಳೆ ಬಗೆದು, ಬ್ರೆಡ್ಡಿಗೆ ಸವರಿ, ಉಪ್ಪು ಉದುರಿಸಿ ಬಾಯಿಗಿಟ್ಟ. ಎರಡನೆಯದಕ್ಕೆ ತಾಳ್ಮೆ ತಪ್ಪಿತು. ಆಚೀಚೆ ನೋಡಿ, ಮೂಳೆಯನ್ನು ತಟ್ಟೆಯ ಅಂಚಿಗೆ ಎರಡು ಸಲ ಕುಟ್ಟಿ, ಬಾಯಿಗಿಟ್ಟು ಜುಂಯ್ಯೆಂದು ಹೀರಿದ.

“ನಮ್ಮನೇಲಿ ನಲ್ಲಿ ಮೂಳೆ ಬಿದ್ದೋನೇ ಅದೃಷ್ಟವಂತ,” ಎಂದ. “ಕುಟ್ಟೋದು, ಹೀರೋದು. ಇಷ್ಟಕ್ಕೆ ಬೆಳ್ಳಿ ಸೌಟು ಮಾಡ್ಸಿ, ಸಿಂಹ ಒತ್ಸಿ, ರಾಜಂಗೆ ತೆರಿಗೆ ಬೇರೆ ಕಟ್ಟಿದಾರಲ್ಲ, ಇವ್ರಿಗೆ ಹೀರೋಕೆ ಅಷ್ಟೊಂದು ನಾಚಿಕೇನಾ?”

ಅಷ್ಟರಲ್ಲಿ ನನ್ನ ಫೋನು ಸದ್ದು ಮಾಡಿತು. ಅಮ್ಮ. ನಮ್ಮಲ್ಲಿ ಸಂಜೆ ದೀಪ ಹಚ್ಚಿ ಮುಗಿದಿರಬೇಕು. ನಾನು ಮಾತು ಹುಡುಕುತ್ತಿರುವಾಗ ಗೆಳೆಯ ಫೋನು ಕಸಿದು, “ಅಮ್ಮಾ, ಚೆನ್ನಾಗಿದೀರಾ? ನಿಮ್ಮ ಉದ್ಧರಣೆ ಏನು ಅಂತ ಗೊತ್ತಾಯ್ತು,” ಎಂದು ಶುರುಮಾಡಿ ಒಂದಕ್ಷರ ಬಿಡದೆ ಎಲ್ಲ ಹೇಳಿಬಿಟ್ಟ. ಸ್ಪೀಕರ್ ಹಾಕಿದ್ದ. ಪಕ್ಕದ ಮೇಜಿನವರು ಕನ್ನಡ ಬಾರದ ಕಾರಣಕ್ಕೆ ನೆಮ್ಮದಿಯಾಗಿ ಉಣ್ಣುತ್ತಿದ್ದರು.

“ಎರಡು ತುದೀಲೂ ತಿಂತಿದ್ರಾ?” ಅಮ್ಮ ಕೇಳಿದಳು.

“ಹೂಂ ಅಮ್ಮ, ಮೂಳೆ ನೋಡ್ಕೊಂಡು.”

“ಇರಲಿ ಬಿಡಪ್ಪ. ದೊರೆ ಮನೆ ಸಾಮಾನು ಅಂದ ಮೇಲೆ ಅನ್ನ-ಸಾರಿಗೆ ಇಟ್ಕೊಂಡಿರ್ತಾರಾ? ಅತ್ತೆಗೆ ಅದು ಗೊತ್ತಿರ್ಲಿಲ್ಲ ಅಂತ ತಿಳ್ಕೊಂಡ್ರಾ? ಮಾವ ತಂದ ದಿನ ಅದನ್ನ ಹೊಸ್ತಿಲು ದಾಟಿಸ್ಲೇ ಇಲ್ವಂತೆ. ಹಾಗೇ ಹಿತ್ತಲಿಗೆ ಒಯ್ದು ಬಚ್ಚಲೊಲೆ ಕೆಂಡದಲ್ಲಿ ಹೂತಿಟ್ರಂತೆ. ಆ ಕಲೆ ಅದರದ್ದೇ. ಬೆಸುಗೆನೂ ಇಲ್ಲ, ಗಿಸುಗೆನೂ ಇಲ್ಲ, ಆ ಅಂಗಡಿಯವರಿಗೆ ಹೇಳು.”

“ಎಷ್ಟು ಹೊತ್ತು ಇಟ್ಟಿದ್ರಂತಮ್ಮ?” ಗೆಳೆಯ ಕೇಳಿದ.

“ಕೆಂಪಗಾಗೋ ತನಕ.”

ಸ್ಟರ್ಲಿಂಗ್ ಬೆಳ್ಳಿ 800 ಡಿಗ್ರಿ ದಾಟುತ್ತಿದ್ದಂತೆ ಕರಗತೊಡಗುತ್ತದೆ, ಊದಿದ ಕೆಂಡಕ್ಕೆ ಆ ಕಾವು ಏನೂ ದೊಡ್ಡದಲ್ಲ. ಅಜ್ಜಿ ಸರಿಯಾದ ಹೊತ್ತಿಗೆ ಇಕ್ಕಳ ಹಾಕಿದ್ದಾಳೆ.